ಮೊಲ ನೋವು ಹೇಳುವುದಿಲ್ಲ

ಗದಗಿನಲ್ಲಿ ಮೌನೇಶಪ್ಪ ಎಂಬ ಬಡಿಗರಿದ್ದರು. ಹೆಂಡತಿ ತೀರಿಕೊಂಡ ಮೇಲೆ ಮನೆಯಲ್ಲಿ ಅವರು, ಬಿ.ಕಾಂ. ಓದುವ ಮಗಳು ಭುವನಾ, ಮತ್ತೆ ಒಂದು ಮುದಿ ಮೊಲ... ಅದರ ಹೆಸರು ಹತ್ತಿ.

ಭುವನಾ ಹೈಸ್ಕೂಲು ಸೇರುವ ಮೊದಲೇ ಮನೆಗೆ ಬಂದ ಮೊಲ. ಮೊಲಗಳ ಲೆಕ್ಕದಲ್ಲಿ ಅದು ಅಜ್ಜಿ.

ಆ ಬೇಸಿಗೆಯಲ್ಲಿ ಹತ್ತಿ ಬದಲಾಯಿತು...

ಹುಲ್ಲು ಹಾಕಿದರೆ ಓಡಿ ಬರುತ್ತಿತ್ತು. ಬಾಯಿ ಹಾಕುತ್ತಿತ್ತು. ಆಮೇಲೆ ಹಾಗೇ ಉದುರಿಸಿ ಮೂಲೆಗೆ ಹೋಗಿ ಕೂರುತ್ತಿತ್ತು.

ಗದ್ದದ ಕೆಳಗಿನ ಕೂದಲು ಸದಾ ಒದ್ದೆ.

"ಬಿಸಲಿಗೆ ಹಂಗ ಆಗಿರ್ತೈತಿ ಬಿಡವಾ. ಅದಕ್ಕ ಹಸಿವಿಲ್ಲ," ಎಂದರು ಮೌನೇಶಪ್ಪ. ಮಗಳು ನಂಬಿದಳು.

ಒಂದು ದಿನ ಎತ್ತಿಕೊಂಡಾಗ ಬರೀ ಬೆನ್ನೆಲುಬು ಕೈಗೆ ತಾಗಿತು. ಅಂದೇ ಅಪ್ಪ ಮಗಳು ಅದನ್ನು ಪಶುವೈದ್ಯೆಯ ಬಳಿ ಒಯ್ದರು.

ಡಾಕ್ಟರಮ್ಮ ಸಣ್ಣ ಟಾರ್ಚಿನಿಂದ ಬಾಯೊಳಗೆ ನೋಡಿದರು.

"ಮೊಲದ ಹಲ್ಲು ಸಾಯೂತನಕ ಬೆಳೀತಾವ್ರಿ. ವಯಸ್ಸಾದಂಗ ಸರಿಯಾಗಿ ಸವೆಯಂಗಿಲ್ಲ. ದವಡಿ ಹಲ್ಲು ಚೂಪಾಗಿ ನಾಲಿಗಿ ಕೊಯ್ದಾವು. ಬೇರಿಗೆ ಕೀವು ಇಳದು ಎಲುಬಿಗೆ ಹತ್ತೇತಿ."

"ಆದರ ಅದು ಒಂದಿನಾನೂ ಚೀರಲಿಲ್ಲರೀ," ಎಂದಳು ಭುವನಾ.

"ಚೀರಂಗಿಲ್ಲಮ್ಮ. ನೋವಿದ್ರೂ ತೋರಸಂಗಿಲ್ಲ. ಹಸಿವಿಲ್ಲ ಅಂತ ನಾವು ತಿಳ್ಕೋತೀವಿ... ಅದು ಹಸಕೊಂಡ ಕುಂತಿರ್ತೈತಿ."

ಆಗ ಮೌನೇಶಪ್ಪ ತಗ್ಗಿದ ದನಿಯಲ್ಲಿ ಕೇಳಿದರು, "ಮೊದಲ ತಂದಿದ್ರ... ಉಳೀತಿತ್ತೇನ್ರಿ?"

"ಉಳೀತಿತ್ತೋ ಏನೋ. ಈಗ ಆಪರೇಷನ್ ತಡಕೊಳ್ಳೂ ಶಕ್ತಿ ಇಲ್ಲ ಅದಕ್ಕ. ನೋವು ಕಡಿಮಿ ಆಗಾಕ ಔಷಧ ಕೊಡ್ತೀನಿ."

ಮೌನೇಶಪ್ಪ ಬಿಕ್ಕಿ ಬಿಕ್ಕಿ ಅತ್ತರು. ಹೆಂಡತಿ ಸತ್ತಾಗಲೂ ಮಗಳ ಮುಂದೆ ಹಾಗೆ ಅತ್ತವರಲ್ಲ.

ಅದೇ ವಾರ ಹತ್ತಿ ಸತ್ತಿತು.

ಮಣ್ಣು ಮಾಡಿ ಬಂದು ಭುವನಾ ಊಟಕ್ಕೆ ಬಡಿಸಿದಳು. ಅಪ್ಪ ರೊಟ್ಟಿ ಮುರಿದರು, ಬಾಯಿಗಿಟ್ಟರು... ಮೆಲ್ಲಗೆ ಹೊರಗೆ ತೆಗೆದು ತಟ್ಟೆಯಂಚಿಗಿಟ್ಟರು. ಟವೆಲ್‌ನಿಂದ ಗದ್ದ ಒರೆಸಿಕೊಂಡರು.

"ಹಸಿವಿಲ್ಲವಾ," ಎಂದರು.

ಭುವನಾ ಬಡಿಸುವುದು ನಿಲ್ಲಿಸಿ ಅಪ್ಪನನ್ನೇ ನೋಡಿದಳು.

ಎಷ್ಟು ದಿನದಿಂದ ಅಪ್ಪ ಬರೀ ಗಂಜಿ ಕುಡಿಯುತ್ತಿದ್ದಾರೆ? ಅಂಗಿ ಯಾವಾಗ ಇಷ್ಟು ಸಡಿಲವಾಯಿತು?

"ಅಪ್ಪಾ, ಬಾಯಿ ತಗಿ."

"ನಾ ಏನ್ ಮೊಲ ಏನ?" ನಗಲು ನೋಡಿದರು. ಬಾಯಿ ಎರಡು ಬೆರಳಿನಷ್ಟೂ ತೆರೆಯಲಿಲ್ಲ.

ಮೊಬೈಲ್ ಬೆಳಕಿನಲ್ಲಿ ಅವಳಿಗೆ ಕಂಡಿತು... ವರ್ಷಾನುಗಟ್ಟಲೆ ಗುಟ್ಕಾ ಇಟ್ಟುಕೊಂಡ ಕೆನ್ನೆಯ ಒಳಗೆ, ಬಿಳಿ ಅಂಚಿನ ದೊಡ್ಡ ಹುಣ್ಣು.

"ನಿನ್ನ ಪರೀಕ್ಷೆ ಮುಗೀಲಿ ಅಂತ ಸುಮ್ಮನಿದ್ದೆ," ಎಂದರು ಅಪ್ಪ, ತಲೆ ತಗ್ಗಿಸಿ.

"ಮೊದಲ ತಂದಿದ್ರ ಉಳೀತಿತ್ತೇನ್ರಿ" ಎಂದು ದವಾಖಾನೆಯಲ್ಲಿ ಅಪ್ಪ ಕೇಳಿದ್ದು ಬರೀ ಮೊಲಕ್ಕಾಗಿ ಅಲ್ಲ, ತಮಗಾಗಿಯೂ ಎಂದು ಆಗ ಅವಳಿಗೆ ತಿಳಿಯಿತು.

ಅದು ಕ್ಯಾನ್ಸರ್. ಹುಬ್ಬಳ್ಳಿಯಲ್ಲಿ ಆಪರೇಷನ್ ಆಯಿತು. ಅರ್ಧ ದವಡೆ ಹೋಯಿತು, ಜೀವ ಉಳಿಯಿತು. ಈಗ ಅವರ ಮಾತು ತೊದಲು... ಮಗಳಿಗೆ ಮಾತ್ರ ಪೂರ್ತಿ ಅರ್ಥವಾಗುತ್ತದೆ.

ಮೊನ್ನೆ ಊಟದ ನಡುವೆ ಮೌನೇಶಪ್ಪ ಚಮಚ ಕೆಳಗಿಟ್ಟರು. ಭುವನಾ ಊಟ ಬಿಟ್ಟು ಅವರ ಮುಖ ನೋಡಿದಳು.

"ಬಾಯಾಗ ಬಲಗಡೆ... ನೋವಾಗಾಕತ್ತೈತವಾ."

ಅಪ್ಪ ತಾವಾಗಿ ನೋವು ಹೇಳಿದ್ದು ಅದೇ ಮೊದಲು. ಭುವನಾ ಅವರ ಕೈ ಹಿಡಿದುಕೊಂಡು ಅತ್ತಳು. ತಡಮಾಡದೆ ಅವರನ್ನು ಕರೆದುಕೊಂಡು ಹುಬ್ಬಳ್ಳಿಯ ಬಸ್ಸು ಹತ್ತಿದಳು.

ಈ ಸಲ ಸಣ್ಣ ಗಾಯ ಅಷ್ಟೇ ಎಂದರು ಡಾಕ್ಟರು. ಆದರೂ ಹೆದರಿಕೆ ಇನ್ನೂ ಆ ಮನೆ ಬಿಟ್ಟು ಹೋಗಿಲ್ಲ...

ಮನೆಯಲ್ಲಿ ಯಾರಾದರೂ "ಹಸಿವಿಲ್ಲ" ಎಂದರೆ, ತಟ್ಟೆ ಎತ್ತುವ ಮೊದಲು ಅವರ ಮುಖ ನೋಡಿ.

ನಿಮ್ಮ ಮನೆಯಲ್ಲಿ ಇತ್ತೀಚೆಗೆ ಊಟ ಕಡಿಮೆ ಮಾಡಿದವರು ಯಾರು... ಯಾಕೆ ಎಂದು ಕೇಳಿದ್ದೀರಾ?