ವೀಸಾದವರ ಪ್ರಶ್ನೆ

"‘ನಿಮ್ಮ ಗಂಡ ನಿಮ್ಮ ತಾಯಿಯ ಒಡಹುಟ್ಟಿದ ತಮ್ಮನೇ?’ ಅಂತ ಕೇಳ್ಯಾರಕ್ಕ. ಅಲ್ಲಿ ಕಾನೂನಿನಾಗ ಇಂಥಾ ಮದುವಿ ಮದುವೀನ ಅಲ್ಲಂತ," ಎಂದು ಸಿಂಧನೂರಿನ ಆನ್‌ಲೈನ್ ಸೆಂಟರಿನ ಪಂಪಾಪತಿ ನ್ಯೂಜಿಲೆಂಡಿನಿಂದ ಬಂದ ಮೇಲ್ ಓದಿ ಹೇಳಿದ.

ಶಿವರಂಜನಿ ಬಾಗಿ ಪರದೆಯ ಮೇಲಿನ ಆ ಸಾಲಿಗೆ ಬೆರಳಿಟ್ಟು ತಾನೂ ಓದಿದಳು. ಅಲ್ಲಿ ಹಾಲಿನ ಡೇರಿಯಲ್ಲಿ ದುಡಿಯುವ ಗಂಡನ ಬಳಿಗೆ ಹೋಗಲು ಕಾಯಂ ವೀಸಾಕ್ಕೆ ಫೀಸು ಕಟ್ಟಿ ಹದಿನಾಲ್ಕು ತಿಂಗಳು ಕಾದಿದ್ದಳು. ಅರ್ಜಿಯಲ್ಲಿ ‘ಸ್ವಂತ ಸೋದರಮಾವ’ ಎಂದು ಹೆಮ್ಮೆಯಿಂದ ಬರೆಸಿದವಳೂ ಅವಳೇ.

"ಹೊರಗಿನವ್ರಿಗೆ ಯಾಕಂತ ನನ್ನ ತಮ್ಮಗ ಕೊಟ್ಟೀನಿ. ಅದ್ರಾಗೇನೈತಿ ತಪ್ಪು?" ಎಂದು ಜಗಳಕ್ಕೇ ನಿಂತ ಅವ್ವ ಜಂಬಮ್ಮ, ಮಗಳ ಮುಖ ನೋಡಿ ಪಂಪಾಪತಿಯ ಕಡೆ ತಿರುಗಿದಳು. ತಾಯಿ ಸತ್ತ ಮೇಲೆ ಆ ತಮ್ಮನನ್ನು ಸೊಂಟದ ಮೇಲೆ ಹೊತ್ತು ಸಾಕಿದವಳು ಆಕೆ.

"ಬರಿಯಪ್ಪಾ," ಎಂದಳು. "ನನಗ ತಮ್ಮನ ಇಲ್ಲ. ಹುಟ್ಟೇ ಇಲ್ಲಂತ ಬರಿ."