ಭೂಸಂಧಿ ದಾಟಿದ ಹಡಗು

“ಆ ಭೂಸಂಧಿ ದಾಟೋವಾಗ ಹಡಗು ಹೇಗೆ ಹೊಯ್ದಾಡ್ತು ಅಂತೀಯ! ಕರುಳೆಲ್ಲ ಬಾಯಿಗೆ ಬಂತು,” ಎಂದ ಅಪ್ಪ. ಮಗಳ ಕೈಯ ತುತ್ತು ಬಾಯಿಯ ಹತ್ತಿರ ಬಂದು ನಿಂತುಬಿಟ್ಟಿತು.

ಅಂದು ಬೆಳಿಗ್ಗೆಯಷ್ಟೇ ಭೂಗೋಳದ ಮೇಷ್ಟ್ರು ನಕ್ಷೆಯ ಮೇಲೆ ಕೋಲಿಟ್ಟು ತೋರಿಸಿದ್ದರು. ಎರಡು ಸಮುದ್ರಗಳನ್ನು ಕೂಡಿಸುವ ಕಿರಿದಾದ ನೀರಿನ ದಾರಿ ಜಲಸಂಧಿ; ಎರಡು ಭೂಭಾಗಗಳನ್ನು ಕೂಡಿಸುವ ಕಿರಿದಾದ ನೆಲದ ಪಟ್ಟಿ ಭೂಸಂಧಿ. ನೆಲದ ಮೇಲೆ ಹಡಗು ಹೋಗುವುದುಂಟೆ? ಬಾಯಿ ತಪ್ಪಿರಬಹುದು ಎಂದುಕೊಂಡಳು. ಆದರೂ ಮನಸ್ಸು ತಡೆಯದೆ ಕೆದಕಿದಳು.

“ಸಮಭಾಜಕ ವೃತ್ತದ ಹತ್ತಿರ ಚಳಿ ಜಾಸ್ತಿನಾ ಅಪ್ಪ?”

“ಕೇಳ್ಬೇಡ! ಹಲ್ಲು ಕಟಕಟ ಅಂತಿತ್ತು.”

ಮೂಲೆಯಲ್ಲಿ ಅಮ್ಮನ ಹೊಲಿಗೆ ಯಂತ್ರ ಗಕ್ಕನೆ ನಿಂತಿತು. “ಊಟದ ಹೊತ್ತಲ್ಲಿ ಅದೇನು ಪಾಠ? ಸುಮ್ಮನೆ ಉಣ್ಣಿ ಇಬ್ಬರೂ.”

ಮಗಳಿಗೆ ಊಟ ಇಳಿಯಲಿಲ್ಲ. ಅವಳು ತೊದಲುವ ವಯಸ್ಸಿನಲ್ಲಿ ಹೋದ ಅಪ್ಪ ಹೋದ ವರ್ಷವಷ್ಟೇ ಮರಳಿದ್ದ. ಅಷ್ಟು ವರ್ಷ ಸಮುದ್ರದಲ್ಲಿದ್ದವನ ಮೈ ಬಂದ ದಿನ ಬಿಸಿಲನ್ನೇ ಕಾಣದಂತೆ ಬಿಳುಚಿತ್ತು. ಯಾವ ತೀರದಿಂದಲೂ ಒಂದು ಚಿಪ್ಪನ್ನಾದರೂ ತಂದಿರಲಿಲ್ಲ. ಮುಚ್ಚಿದ ಬಾಗಿಲ ಮುಂದೆ, ಯಾರಾದರೂ ತೆಗೆಯಲಿ ಎಂಬಂತೆ, ಸುಮ್ಮನೆ ನಿಂತುಬಿಡುತ್ತಿದ್ದ. ಇಷ್ಟು ದಿನ ಅವಳಿಗೆ ಇದ್ಯಾವುದೂ ವಿಚಿತ್ರವೆನಿಸಿರಲಿಲ್ಲ. ನಮ್ಮಪ್ಪ ನಾವಿಕ ಎಂದು ಶಾಲೆಯಲ್ಲಿ ಜಂಬ ಕೊಚ್ಚಿದ್ದೇ ಕೊಚ್ಚಿದ್ದು! ಹಾಗಿದ್ದರೆ ನಾಡಿದ್ದು ಕರೆದುಕೊಂಡು ಬಾ, ಮಕ್ಕಳಿಗೆ ಅನುಭವ ಹೇಳಲಿ ಎಂದು ಮೇಷ್ಟ್ರು ಆ ಬೆಳಿಗ್ಗೆಯೇ ಅಂದಿದ್ದರು. ಮಗಳ ಮುಖ ನೋಡಿ ಅಪ್ಪನೂ ಹೂಂಗುಟ್ಟಿದ್ದ.

ಮರುದಿನ ಶಾಲೆಯಲ್ಲಿ ಚೀಲ ತೆರೆದರೆ ಭೂಗೋಳದ ಪುಸ್ತಕ ಮಂಗಮಾಯ. ರಾತ್ರಿ ಕೈಯಾರೆ ಇಟ್ಟಿದ್ದಳು. ತಲೆನೋವೆಂದು ಹೇಳಿ ಮಧ್ಯಾಹ್ನವೇ ಮನೆಗೆ ಬಂದವಳು ಒಳಗಿನ ದನಿ ಕೇಳಿ ಕಿಟಕಿಯ ಪಕ್ಕ ನಿಂತಳು. ಅಪ್ಪ ಅವಳ ಪುಸ್ತಕವನ್ನು ತೊಡೆಯ ಮೇಲೆ ಮಗುಚಿಟ್ಟುಕೊಂಡು ಕೂತಿದ್ದ. ಅಮ್ಮ ಗುಂಡಿ ಹೊಲಿಯುತ್ತ ಪ್ರಶ್ನೆ ಕೇಳುತ್ತಿದ್ದಳು.

“ಮೂರು ಕಡೆ ನೀರು, ಒಂದು ಕಡೆ ನೆಲ. ಏನದು?”

“ದ್ವೀಪ.”

“ಪರ್ಯಾಯ ದ್ವೀಪ! ಇಷ್ಟೂ ತಲೆಗೆ ಹತ್ತಲ್ವಾ?”

“ನನ್ನ ಕೈಲಾಗಲ್ಲ ಕಣೇ. ನಿಜ ಹೇಳ್ಬಿಡೋಣ. ಹಡಗೂ ಇಲ್ಲ ಗಿಡಗೂ ಇಲ್ಲ, ಜೈಲಲ್ಲಿದ್ದೆ ಅಂತ.”

“ಬಾಯ್ಮುಚ್ಚಿ! ಅಪ್ಪ ಎಲ್ಲಿ ಅಂತ ಅವಳು ಅತ್ತು ರಂಪ ಮಾಡ್ತಿದ್ದಾಗ, ಸಮುದ್ರದಲ್ಲಿದಾರೆ ಅಂದವಳು ನಾನು. ನಾನು ಕಟ್ಟಿದ್ದನ್ನ ನೀವು ಕೆಡವಬೇಡಿ.”

ಮಗಳು ಬಾಗಿಲು ತಳ್ಳಿಕೊಂಡು ಒಳಗೆ ಬಂದಳು. ಅಪ್ಪ ಪುಸ್ತಕವನ್ನು ಬೆನ್ನ ಹಿಂದೆ ಅಡಗಿಸಿದ. ಯಾಕೆ ಜೈಲಿಗೆ ಹೋಗಿದ್ದೆ ಎಂಬ ಮಾತು ಅವಳ ನಾಲಿಗೆಯ ತುದಿಗೆ ಬಂತು. ಅಪ್ಪನ ಬೆನ್ನ ಹಿಂದಿನಿಂದ ಇಣುಕುತ್ತಿದ್ದ ಪುಸ್ತಕದ ಮೂಲೆ ಕಂಡು ನುಂಗಿಕೊಂಡಳು.

“ನಾಳೆ ನೀನು ಶಾಲೆಗೆ ಬರೋದು ಬೇಡ ಅಪ್ಪ. ಮೇಷ್ಟ್ರಿಗೆ ನಾನು ಹೇಳ್ಕೋತೀನಿ.”

“ಏನಂತ ಹೇಳ್ತೀಯ?” ಎಂದ ಅಪ್ಪ.

“ಹಡಗಿನವರು ಮತ್ತೆ ಕರೆಸಿಕೊಂಡ್ರು ಅಂತ. ಬಂದರಿಗೆ ನಾನೇ ಹೋಗಿ ಬಿಟ್ಟು ಬಂದೆ. ಸಣ್ಣಗೆ ಮಳೆ ಹನೀತಿತ್ತು. ಹಡಗು ಚುಕ್ಕಿಯಷ್ಟು ಆಗೋವರೆಗೂ ಕೈ ಬೀಸ್ತಾನೇ ಇದ್ರು ಅಂತ.”

ಅವಳು ಒಂದು ಕಡೆಯೂ ತಡವರಿಸಲಿಲ್ಲ. ಅಮ್ಮ ಸೂಜಿ ಕೆಳಗಿಟ್ಟು, ಮಗಳನ್ನು ಅದೇ ಮೊದಲ ಸಲ ಕಂಡವಳಂತೆ ನೋಡುತ್ತ ಕೂತಳು.