ಶೆಡ್ಡಿನಲ್ಲಿ ಡೀಸೆಲ್ ಇಲ್ಲ

ಆ ಹೊಲದಲ್ಲಿ ಮೊಬೈಲಿಗೆ ನೆಟ್‌ವರ್ಕ್ ಸಿಗುವುದು ಒಂದೇ ಕಡೆ, ಟ್ರ್ಯಾಕ್ಟರ್ ಶೆಡ್ಡಿನ ಡೀಸೆಲ್ ಬ್ಯಾರಲ್ ಮೇಲೆ ಹತ್ತಿ ನಿಂತರೆ. ಶೆಡ್ಡಿಗೆ ಬೆಂಕಿ ವಿಮೆ ಮಾಡಿಸಲು ಬಂದಿದ್ದ ಏಜೆಂಟ್ ರುದ್ರಯ್ಯ ಬೂಟು ಕಳಚಿಟ್ಟು ಹತ್ತಿದ. ಫೋನನ್ನು ತಗಡಿನ ಸಂದಿಗೆ ಎತ್ತಿ ಹಿಡಿದು ಅರ್ಜಿಯ ಪ್ರಶ್ನೆಗಳನ್ನು ಓದತೊಡಗಿದ.

"ಗೌಡ್ರ, ಶೆಡ್ಡಿನ್ಯಾಗ ಡೀಸೆಲ್ ಇಟ್ಟೀರೇನ್ರಿ?"

ಚೆನ್ನವೀರಗೌಡರು ಅವನ ಕಾಲ ಕೆಳಗೆ ನೋಡಿದರು. "ಅದರ ಮ್ಯಾಲೇ ನಿಂತೀರಲ್ರಿ."

"ಹೌದು ಅಂತ ಒತ್ತಿದ್ರ ವಿಮಾ ಸಿಗಂಗಿಲ್ರಿ. ಇಲ್ಲ ಅಂತ ಒತ್ತಲೇನು?"

"ಸುಳ್ಳು ಮಾತ್ರ ಬ್ಯಾಡ. ಕೆಳಗ ಇಳೀರಿ."

ಗೌಡರ ಮಾತು ಅಂದರೆ ಮಾತು. ರುದ್ರಯ್ಯ ಬೇವಿನ ನೆರಳಿನಲ್ಲಿ ಕುಳಿತು ನೋಡುತ್ತಿದ್ದ. ಗೌಡರೂ ಆಳುಗಳೂ ಕೊಡಗಟ್ಟಲೆ ಡೀಸೆಲ್ ಹೊತ್ತು ಶೆಡ್ಡಿನ ಹಿಂದೆ ಮರೆಯಾಗುತ್ತಿದ್ದರು. ತಾಸು ಕಳೆಯುವುದರಲ್ಲಿ ಬ್ಯಾರಲ್ ಖಾಲಿಯಾಗಿ, ಬಡಿದರೆ ಡೊಳ್ಳಿನಂತೆ ಸದ್ದು ಮಾಡಿತು. ಅವನು ಮತ್ತೆ ಹತ್ತಿ, ನಿಶ್ಚಿಂತೆಯಿಂದ 'ಇಲ್ಲ' ಎಂದು ಒತ್ತಿದ. ಶೆಡ್ಡಿನ ವಿಮೆ ಅಲ್ಲೇ ಮಂಜೂರಾಯಿತು.

"ನಿಮ್ಮಂಥ ಸತ್ಯವಂತರನ್ನ ನಾ ಎಲ್ಲೂ ನೋಡಿಲ್ರಿ, ಗೌಡ್ರ," ಎಂದ. ಬ್ಯಾರಲ್ಲಿನಿಂದ ಇಳಿದು ಅವರಿಗೆ ಕೈ ಮುಗಿದ.

"ಇರಲಿ ಬಿಡ್ರಿ. ನಡೀರಿ, ಮನ್ಯಾಗ ಚಾ ಕುಡಿಯೋಣು."

ಶೆಡ್ಡಿನ ಹಿಂದಿದ್ದ ಮನೆಯ ಹೊಸ್ತಿಲು ದಾಟುತ್ತಿದ್ದಂತೆಯೇ ಅಡುಗೆಮನೆಯಿಂದ ಗೌಡರ ಹೆಂಡತಿಯ ದನಿ ಕೇಳಿಸಿತು.

"ಒಲಿ ಹಚ್ಚೀನ್ರಿ, ಈ ಡೀಸೆಲ್ ಕೊಡ ಯಾರರ ಒಂಚೂರು ಆ ಕಡೆ ಸರಸ್ರಿ, ಚಾದ ಪಾತೇಲಿ ಇಡಾಕ ಜಾಗಾ ಇಲ್ಲ!"